ಅಮೆರಿಕದಲ್ಲಿ ಎಂ.ಎಸ್.: ಅರ್ಜಿಯ ಕೆಲಸ ಪಾಸ್‌ಪೋರ್ಟ್‌ನಿಂದ ಶುರು

ಆಗಸ್ಟ್‌ನಲ್ಲಿ ತರಗತಿ ಶುರುವಾಗುವ ಎಂ.ಎಸ್. (ಸ್ನಾತಕೋತ್ತರ) ಕೋರ್ಸಿಗೆ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಅರ್ಜಿ ಮುಗಿಸುವುದು ಹಿಂದಿನ ಡಿಸೆಂಬರ್ 1, ಡಿಸೆಂಬರ್ 15 ಅಥವಾ ಜನವರಿ ಮಧ್ಯಕ್ಕೆ. ಹಾಗಾಗಿ ಆರನೇ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಕೆಲಸ ಹಿಡಿಯಬೇಕು. ಎಲ್ಲರೂ ಮೊದಲು ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಪುಸ್ತಕ ತೆರೆಯುತ್ತಾರೆ. ನೀವು ಮೊದಲು ಪಾಸ್‌ಪೋರ್ಟ್ ತೆರೆಯಿರಿ.

ನಮ್ಮಲ್ಲಿ ಇನಿಷಿಯಲ್ ಇಲ್ಲದ ಹೆಸರೇ ಅಪರೂಪ. ಅಂಕಪಟ್ಟಿಯಲ್ಲಿ ‘ಸುಮಾ ಕೆ.ಆರ್.’, ಪಾಸ್‌ಪೋರ್ಟ್‌ನಲ್ಲಿ ಬರೀ ‘ಸುಮಾ’, ಸರ್‌ನೇಮ್ ಜಾಗ ಖಾಲಿ. ಹೀಗಿದ್ದರೆ ವೀಸಾದಲ್ಲಿ ಸುಮಾ ಎಂಬುದೇ ಸರ್‌ನೇಮ್ ಆಗಿ, ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಬಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿ ಹೋದಮೇಲೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಅದೇ ತಲೆನೋವು. ಪರೀಕ್ಷೆಗೆ ನೋಂದಾಯಿಸುವ ಮುಂಚೆಯೇ ಪಾಸ್‌ಪೋರ್ಟ್ ರೀಇಷ್ಯೂಗೆ ಹಾಕಿ, ಹೆಸರು ಮತ್ತು ಸರ್‌ನೇಮ್ ಬೇರೆ ಬೇರೆ ಮಾಡಿಸಿಕೊಳ್ಳಿ. ಆಮೇಲೆ ಜಿಆರ್‌ಇ, ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್, ಅರ್ಜಿ ಎಲ್ಲದಕ್ಕೂ ಪಾಸ್‌ಪೋರ್ಟ್‌ನಲ್ಲಿರುವ ಅಕ್ಷರಗಳೇ. ಹೆಸರು ಹೊಂದದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ದುಡ್ಡೂ ಹೋಗುತ್ತದೆ.

ಜಿಆರ್‌ಇ ಅಂಕ 5 ವರ್ಷ, ಟೋಫೆಲ್ ಅಂಕ 2 ವರ್ಷ ಊರ್ಜಿತ. ಎಷ್ಟೋ ವಿಭಾಗಗಳು ಈಗ ಜಿಆರ್‌ಇ ಕೇಳುವುದಿಲ್ಲ, ವಿಭಾಗದ ಪುಟ ನೋಡಿಕೊಂಡೇ ದುಡ್ಡು ಕಟ್ಟಿ. ಬರೆಯುವುದಾದರೆ, ಪರೀಕ್ಷೆಯ ದಿನ 4 ವಿಶ್ವವಿದ್ಯಾಲಯಗಳಿಗೆ ಅಂಕ ಉಚಿತವಾಗಿ ಕಳಿಸಬಹುದು. ಆ ನಾಲ್ಕು ಯಾವುವೆಂದು ಅಷ್ಟರಲ್ಲಿ ತೀರ್ಮಾನವಾಗಿರಲಿ.

ಹೆಚ್ಚು ಅರ್ಜಿಗಳು ಸಿಕ್ಕಿಹಾಕಿಕೊಳ್ಳುವುದು ಶಿಫಾರಸು ಪತ್ರದಲ್ಲಿ. ಸಾಮಾನ್ಯವಾಗಿ 3 ಪತ್ರ ಬೇಕು, ಅಪ್‌ಲೋಡ್ ಮಾಡಬೇಕಾದವರು ಮೇಷ್ಟರೇ. ನೀವು ಕೊಟ್ಟ ಇಮೇಲ್‌ಗೆ ಲಿಂಕ್ ಹೋಗುತ್ತದೆ, ಎಷ್ಟೋ ಸಲ ಸ್ಪ್ಯಾಮ್‌ಗೆ ಬಿದ್ದಿರುತ್ತದೆ. ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ, ಲಿಂಕ್ ಕಳಿಸಿದ ದಿನವೇ ಫೋನ್ ಮಾಡಿ ತಿಳಿಸಿ. ‘ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ’ ಎನ್ನುವವರಿಗೆ ಪತ್ರ ಬರೆದುಕೊಡಬೇಡಿ. ಮೂರೂ ಪತ್ರ ಒಂದೇ ಕೈಬರಹದಂತೆ ಓದಿಸಿಕೊಂಡರೆ ಅರ್ಜಿ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಗೆ ಒಂದು ಹಾಳೆ ಕೊಡಿ: ಅವರ ವಿಷಯದಲ್ಲಿ ನಿಮಗೆ ಬಂದ ಅಂಕ, ಅವರ ಕೈಕೆಳಗೆ ಮಾಡಿದ ಪ್ರಾಜೆಕ್ಟ್‌ನಲ್ಲಿ ನಿಮ್ಮ ಪಾಲಿನ ಕೆಲಸ, ಕೊನೆಯ ದಿನಾಂಕ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅರ್ಜಿಯಲ್ಲಿ ಕೇಳಿದಾಗ ಹೌದು ಎನ್ನಿ. ನೀವು ನೋಡಲಾಗದ ಪತ್ರಕ್ಕೆ ಬೆಲೆ ಹೆಚ್ಚು.

ವಿಟಿಯು ಆಗಲಿ ಸ್ವಾಯತ್ತ ಕಾಲೇಜಾಗಲಿ, ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ಸೇರಿಸಿ ಒಂದೇ ಪಿಡಿಎಫ್ ಮಾಡಿ. ಬ್ಯಾಕ್‌ಲಾಗ್ ಇದ್ದರೆ ಫೇಲಾದ ಪಟ್ಟಿಯೂ ಇರಲಿ, ಮುಚ್ಚಿಟ್ಟದ್ದು ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಹೋದ ದಿನ ಬಯಲಾಗುತ್ತದೆ. ಅವರಾಗಿ ಕೇಳದ ಹೊರತು 8.4 ಸಿಜಿಪಿಎಯನ್ನು 4ರ ಅಳತೆಗೆ ಇಳಿಸಬೇಡಿ, 10ಕ್ಕೆ 8.4 ಎಂದೇ ಬರೆಯಿರಿ.

ಯಾಕೆ ಓದಬೇಕೆಂದಿದ್ದೀರಿ ಎಂದು ನೀವೇ ಬರೆಯುವ ಎಸ್‌ಒಪಿಯಲ್ಲಿ ‘ಚಿಕ್ಕಂದಿನಿಂದಲೂ ಕಂಪ್ಯೂಟರ್ ಎಂದರೆ ಪ್ರಾಣ’ ಎಂಬ ಸಾಲು ಬೇಡವೇ ಬೇಡ. ‘ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡಿದ್ದೇನೆ’ ಎಂದರೂ ಸಾಲದು. ಅಡಿಕೆ ಎಲೆಯ ರೋಗ ಗುರುತಿಸಲು ಎಷ್ಟು ಫೋಟೊ ತೆಗೆದಿರಿ, ಮೋಡ ಕವಿದ ದಿನದ ಫೋಟೊಗಳಲ್ಲಿ ಪ್ರೋಗ್ರಾಂ ಯಾಕೆ ಎಡವಿತು, ಅದನ್ನು ಹೇಗೆ ಸರಿಪಡಿಸಿದಿರಿ, ಇಷ್ಟನ್ನು ಬರೆಯಿರಿ. ಸೋತ ಜಾಗವನ್ನು ಬಿಡಿಸಿ ಹೇಳಿದರೆ ನೀವು ಯೋಚಿಸುವ ರೀತಿ ಓದುವವರಿಗೆ ಕಾಣುತ್ತದೆ.

ಸೀಟು ಸಿಕ್ಕಮೇಲೆ, ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರಕ್ಕೆ ಮೊದಲ ವರ್ಷದ ಖರ್ಚಿನಷ್ಟು ಹಣ ತೋರಿಸಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಕೈಗೆ ಸಿಗುವ ಹಣ: ಉಳಿತಾಯ ಖಾತೆ, ಎಫ್‌ಡಿ, ಸಾಲ ಮಂಜೂರಾದ ಪತ್ರ. ತೋಟ, ಸೈಟು, ಮನೆಯ ಬೆಲೆ ಎಷ್ಟೇ ಇದ್ದರೂ ಇದಕ್ಕೆ ಆಗದು. ಅವನ್ನು ಅಡವಿಟ್ಟು ತೆಗೆದ ಸಾಲ ಆಗುತ್ತದೆ. ಸ್ಕಾಲರ್‌ಶಿಪ್ ಅಥವಾ ಅಸಿಸ್ಟೆಂಟ್‌ಶಿಪ್ (ಬೋಧನೆ, ಸಂಶೋಧನೆಗೆ ನೆರವಾಗುವ ಸಂಬಳದ ಕೆಲಸ) ಕೊಟ್ಟವರು ಬೇಗ ಉತ್ತರ ಕೇಳಿದರೆ ಗಾಬರಿ ಬೇಡ. ಏಪ್ರಿಲ್ 15ರ ಒಪ್ಪಂದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳಲ್ಲಿ ಅಂಥ ನೆರವಿಗೆ ಉತ್ತರ ಕೊಡಲು ಆ ದಿನದವರೆಗೂ ಕಾಲಾವಕಾಶವಿದೆ.

ಐ-20 ಬಂದ ಕೂಡಲೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಹೆಸರು, ಹುಟ್ಟಿದ ದಿನಾಂಕ ಅಕ್ಷರಶಃ ತಾಳೆ ನೋಡಿ. ತಪ್ಪಿದ್ದರೆ ವಿಶ್ವವಿದ್ಯಾಲಯಕ್ಕೆ ಬರೆದು ತಿದ್ದಿಸಿಕೊಂಡ ಮೇಲಷ್ಟೇ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟಿ, ವೀಸಾ ಅರ್ಜಿಯಾದ ಡಿಎಸ್-160 ತುಂಬಿ. ಟಿಕೆಟ್ ಬುಕ್ ಮಾಡುವಾಗಲೂ ಅದೇ ಐ-20 ಎದುರಿಗಿರಲಿ. ಅದರಲ್ಲಿರುವ ಕೋರ್ಸ್ ಆರಂಭದ ದಿನಾಂಕಕ್ಕೆ 30 ದಿನಕ್ಕಿಂತ ಹೆಚ್ಚು ಮುಂಚೆ ಹೋದರೆ ಅಮೆರಿಕದೊಳಗೆ ಬಿಡುವುದಿಲ್ಲ.