ಮುರುಗಲು ಸಿಪ್ಪೆ: ಒಣಗಿಸುವುದು ಹೇಗೆ, ಸಕ್ಕರೆ ಇಲ್ಲದೆ ಕುಡಿಯುವುದು ಹೇಗೆ?

ಏಪ್ರಿಲ್, ಮೇ ಬಂತೆಂದರೆ ಉತ್ತರ ಕನ್ನಡದ ತೋಟ, ಬೆಟ್ಟಗಳಲ್ಲಿ ಮುರುಗಲು ಹಣ್ಣು ಕೆಂಪಾಗುತ್ತದೆ. ಮಂಗಳೂರು ಕಡೆಯವರಿಗೆ ಇದು ಪುನರ್ಪುಳಿ. ‘ಶುಗರ್ ಇದ್ದವರಿಗೆ ಒಳ್ಳೆಯದು’ ಎಂದು ಇದರ ಶರಬತ್ತು ಕೊಡುವವರು ಬಹಳ. ಆದರೆ ಆ ಶರಬತ್ತಿನ ಪಾಕ ಆಗುವುದು ಹೇಗೆ? ಭರಣಿಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೊಂದು ಪದರ ಸಕ್ಕರೆ. ಅದನ್ನು ಕುಡಿಸಿ ಸಿಪ್ಪೆಯ ಗುಣ ಹೊಗಳಿದರೆ ಏನು ಬಂತು? ಬೆಲ್ಲ ಹಾಕಿದರೂ ಕಥೆ ಅದೇ.

ಸಿಪ್ಪೆಯಲ್ಲಿ ಗುಣ ಇರುವುದು ನಿಜ. ಆ ಕಡುಗೆಂಪು ಬಣ್ಣವೇ ಆಂಥೋಸಯಾನಿನ್ ಎಂಬ ಪಾಲಿಫಿನಾಲ್, ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ರಾಸಾಯನಿಕ. ಜೊತೆಗೆ ಗಾರ್ಸಿನಾಲ್ ಎಂಬ ಇನ್ನೊಂದು ಪಾಲಿಫಿನಾಲ್ ಇದೆ. ಅನ್ನ, ಮುದ್ದೆಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವಗಳು ನಮ್ಮ ಕರುಳಿನಲ್ಲಿವೆ. ಹಲವು ಪಾಲಿಫಿನಾಲ್‌ಗಳು ಈ ಕಿಣ್ವಗಳಿಗೆ ಅಂಟಿಕೊಂಡು ಅವುಗಳ ಕೆಲಸ ನಿಧಾನ ಮಾಡುತ್ತವೆ. ಆಗ ಸಕ್ಕರೆ ಒಮ್ಮೆಲೇ ರಕ್ತಕ್ಕೆ ನುಗ್ಗುವುದಿಲ್ಲ. ಶುಗರ್‌ಗೆ ಕೊಡುವ ಅಕಾರ್ಬೋಸ್ ಮಾತ್ರೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಆದರೆ ಮುರುಗಲಿನ ಮಟ್ಟಿಗೆ ಸಿಕ್ಕ ಪುರಾವೆ ಹೆಚ್ಚಾಗಿ ಪ್ರಯೋಗಾಲಯದ್ದು, ಇಲಿಗಳದ್ದು. ಮಾತ್ರೆಯ ಬದಲು ಇದನ್ನೇ ಕುಡಿಯಿರಿ ಎನ್ನಲು ಅದು ಸಾಲದು.

ಈಗ ಕೆಲಸಕ್ಕೆ ಬರೋಣ.

ಪೂರ್ತಿ ಕೆಂಪಾದ, ಗಟ್ಟಿ ಹಣ್ಣನ್ನೇ ಆರಿಸಿ. ತೊಳೆದು, ನೀರು ಒರೆಸಿ, ಎರಡು ಹೋಳು ಮಾಡಿ. ಒಳಗಿನ ತಿರುಳು, ಬೀಜ ಬೇರೆ ತೆಗೆಯಿರಿ. ಬೀಜ ಎಸೆಯಬೇಡಿ, ಅದರಿಂದಲೇ ಮುರುಗಲು ತುಪ್ಪ ಬರುವುದು. ಒಡೆದ ಹಿಮ್ಮಡಿಗೆ ಅದನ್ನು ಹಚ್ಚುವವರಿಗೆ ಬೇರೆ ಹೇಳಬೇಕಿಲ್ಲ. ಹಣ್ಣು ತುಂಬಾ ಹುಳಿ, ಹಾಗಾಗಿ ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆ ಬೇಡ. ಸ್ಟೀಲ್ ಇಲ್ಲವೇ ಗಾಜು ಸಾಕು.

ಸಿಪ್ಪೆಯನ್ನು ಒಂದರ ಮೇಲೊಂದು ಬೀಳದಂತೆ ಬಟ್ಟೆಯ ಮೇಲೆ ಹರಡಿ. ತುಂಬಾ ಕಡೆ ಉಪ್ಪು ಸವರಿ ಒಣಗಿಸುತ್ತಾರೆ. ಶುಗರ್ ಇದ್ದವರಲ್ಲಿ ಹಲವರಿಗೆ ಬಿಪಿಯೂ ಇರುತ್ತದೆ ಅಲ್ವಾ, ಅದಕ್ಕೇ ನಾನು ಉಪ್ಪಿಲ್ಲದ್ದನ್ನೇ ಹೇಳುತ್ತೇನೆ. ತಿರುಳು ಹಿಂಡಿದ ರಸದಲ್ಲಿ ಸಿಪ್ಪೆಯನ್ನು ಅದ್ದಿ, ಮತ್ತೆ ಒಣಗಿಸುವ ಹಳೆಯ ಪದ್ಧತಿ ಇದೆ. ಹುಳಿ ಜಾಸ್ತಿ ಬೇಕಿದ್ದರೆ ಮಾಡಿ. ಬಿಸಿಲು, ಬೆಳಕು ಬಣ್ಣವನ್ನು ಸ್ವಲ್ಪ ತಿನ್ನುತ್ತವೆ, ನಿಜ. ಆದರೂ ನೆರಳಲ್ಲಿ ನಿಧಾನ ಒಣಗಿಸಿ ಬೂಷ್ಟು ಬರಿಸಿಕೊಳ್ಳುವುದಕ್ಕಿಂತ ಬಿಸಿಲೇ ಮೇಲು. ಮುಂಗಾರು ಮೊದಲೇ ಬಂದುಬಿಟ್ಟರೆ ಡ್ರೈಯರ್ ಇದ್ದವರ ಮನೆಗೆ ಒಯ್ಯಿರಿ. ಮುಟ್ಟಿದರೆ ಕೈಗೆ ಅಂಟಬಾರದು, ಅಷ್ಟು ಒಣಗಿದ ಮೇಲೆ ಗಾಜಿನ ಡಬ್ಬಿಗೆ ತುಂಬಿ ಕತ್ತಲಲ್ಲಿಡಿ.

ಕುಡಿಯಲು ಒಂದು ಲೋಟ ನೀರಿಗೆ ನಾಲ್ಕೈದು ಸಿಪ್ಪೆ ಹಾಕಿ, ಅರ್ಧ ಗಂಟೆ ಬಿಟ್ಟು ಕೈಯಲ್ಲೇ ಹಿಸುಕಿ ಸೋಸಿ. ಹುರಿದ ಜೀರಿಗೆ ಪುಡಿ, ಜಜ್ಜಿದ ಹಸಿಮೆಣಸು ಸೇರಿಸಿ. ಉಪ್ಪು ಚಿಟಿಕೆ. ಸಾರು ಮಾಡಿದರೂ ಸರಿ, ಕುದಿಸಿದಾಗ ಆಂಥೋಸಯಾನಿನ್ ಒಂದಷ್ಟು ಹಾಳಾಗುತ್ತದೆ, ರುಚಿ ಉಳಿಯುತ್ತದೆ. ಊಟದ ಜೊತೆ ಕುಡಿಯಿರಿ. ಖಾಲಿ ಹೊಟ್ಟೆಗೆ ಬೇಡ, ಹುಳಿತೇಗು ಇರುವವರಿಗಂತೂ ಬೇಡವೇ ಬೇಡ.

ತೂಕ ಇಳಿಸಲೆಂದು ಮಾರುವ ಗಾರ್ಸಿನಿಯಾ ಮಾತ್ರೆಗಳು ಬೇರೆ ವಿಷಯ. ಅವು ಹೆಚ್ಚಾಗಿ ಮುರುಗಲಿನ ನೆಂಟ ಉಪ್ಪಾಗೆಯ ಸಾರ. ಅವನ್ನು ತೆಗೆದುಕೊಂಡವರಲ್ಲಿ ಲಿವರ್ ತೊಂದರೆಯ ವರದಿಗಳಿವೆ. ಸುಮ್ನೆ ನುಂಗಬೇಡಿ.

ನಿಮಗೆ ಉಪಯೋಗ ಆಗುತ್ತಿದೆಯೇ ಎಂದು ತಿಳಿಯಬೇಕೇ? ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದೇ ಬಗೆಯ ಊಟ ಮಾಡಿ, ಕುಡಿದ ದಿನ ಮತ್ತು ಕುಡಿಯದ ದಿನ, ಊಟ ಶುರುಮಾಡಿದ 2 ಗಂಟೆಗೆ ನೋಡಿ ಬರೆದಿಡಿ. ಹಲವು ದಿನ ಹೀಗೆ ಮಾಡಿ, ಮಾತ್ರೆ ಮಾತ್ರ ಎಂದಿನಂತೆ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ.