ಕಾರ್ನ್‌ಫ್ಲೋರ್‌ನಲ್ಲಿ ಎಬ್ಬಿಸಿದ ಲಾವಾ ಕಂಬಗಳು

"ಹಿಟ್ಟಿನಲ್ಲಿ ಎಲ್ಲಿಯ ಕಲ್ಲುಕಂಬ ಮಾರಾಯ್ರೆ?" ಎಂದು ಸ್ಟಾಫ್‌ರೂಮಿನಲ್ಲಿ ನಕ್ಕವರೇ ಜಾಸ್ತಿ. ಈಗ ಅವರೇ ತಮ್ಮ ತರಗತಿಗೆ ಒಂದು ತುಂಡು ಕೇಳುತ್ತಿದ್ದಾರೆ.

ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದ ಮಕ್ಕಳು "ಯಾರು ಕೆತ್ತಿದ್ದು ಸರ್?" ಎಂದೇ ಕೇಳುತ್ತಾರೆ. ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು ಎಂದರೆ ತಲೆಯಾಡಿಸುತ್ತಾರೆ, ಅಷ್ಟೆ. ಲಾವಾ ತಣಿದು ಕುಗ್ಗುವಾಗ ಬಿರುಕು ಬಿಟ್ಟೇ ಈ ಕಂಬಗಳಾಗುವುದು. ಅದನ್ನು ಕಣ್ಣೆದುರೇ ತೋರಿಸಬೇಕಿತ್ತು, ಒಣಗಿ ಬಿರುಕು ಬಿಡುವ ಬೇರೇನಾದರೂ ಹಿಡಿದು.

ಮೊದಲು ಮಡಕೆ ಮಣ್ಣು ಕಲಸಿದೆ. ಚಪ್ಪಟೆ ಹೆಂಟೆಯಾಗಿ ಅಂಚು ಮೇಲೆದ್ದಿತು. ಮೈದಾ ಬರೀ ಅಂಟು. ಕೊನೆಗೆ ಕಾರ್ನ್‌ಫ್ಲೋರ್, ತೂಕಕ್ಕೆ ಸಮ ನೀರು, ನಾಲ್ಕು ಬೆರಳು ಆಳ. ಆದರೆ ಅದು ಜುಲೈ ತಿಂಗಳು. ನಮ್ಮೂರಲ್ಲಿ ಹಪ್ಪಳವೇ ಒಣಗದ ಹೊತ್ತು. ಮೂರ್ನಾಲ್ಕು ಬಟ್ಟಲು ಬೂಷ್ಟು ಹಿಡಿದು ತೋಟಕ್ಕೆ ಹೋದವು. ಹಿಟ್ಟಿಗೇ ಐನೂರರ ಹತ್ತಿರ ಖರ್ಚು. ಕೋಳಿಮರಿಗೆ ಶಾಖ ಕೊಡುವ ಹಳೇ ಬಲ್ಬನ್ನು ಒಂದು ವಾರದ ಮೇಲೆ ಹಗಲು ರಾತ್ರಿ ಉರಿಸಿದ್ದಕ್ಕೆ ಕರೆಂಟ್ ಬಿಲ್ ಬೇರೆ. ಬೂಷ್ಟು ಬಾರದ ಹಾಗೆ ಆಮೇಲೆ ಏನು ಬೆರೆಸಿದೆ ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಒಂದು ಮಾತು ಮಾತ್ರ ಹೇಳಲೇಬೇಕು. ಮೊದಲು ಮೂರ್ನಾಲ್ಕು ದೊಡ್ಡ ಸೀಳು ಬಂದು ಹಿಟ್ಟು ಗಡ್ಡೆ ಗಡ್ಡೆಯಾಗುತ್ತದೆ. ಅನೇಕರು ಅಲ್ಲಿಗೇ ಕೈಬಿಡುತ್ತಾರೆ. ಬಿಡಬೇಡಿ. ಅಸಲಿ ಕೆಲಸ ಆಮೇಲೆ, ಒಳಗೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪೂರ್ತಿ ಒಣಗಿದ ಗಡ್ಡೆಯನ್ನು ಮಗುಚಿ ಹಾಕಿದೆ. ಅಡಿಯ ತುಂಬ ಐದು ಮೂಲೆ, ಆರು ಮೂಲೆಯ ಮನೆಗಳು. ಉಗುರು ತೂರಿಸಿದರೆ ಬೆಂಕಿಕಡ್ಡಿ ದಪ್ಪದ ಕಂಬಗಳು ಒಂದೊಂದಾಗಿ ಬಿಡಿಸಿಕೊಂಡವು. ಮೇಲ್ತುದಿ ಸಪೂರ, ಬುಡ ದಪ್ಪ.

ಅಲ್ಲಿಗೆ ಸುಮ್ನೆ ಕೂರಲಿಲ್ಲ. ಬಲ್ಬನ್ನು ಒಂದಡಿ ಮೇಲೆತ್ತಿ ಇನ್ನೊಂದು ಬಟ್ಟಲು ಇಟ್ಟೆ. ನಿಧಾನ ಒಣಗಿತು, ಕಂಬ ಇನ್ನೂ ದಪ್ಪ ಬಂತು. ಲಾವಾ ನಿಧಾನ ತಣಿದರೂ ಹಾಗೇ ಅಲ್ವಾ? ಅಲ್ಲಿ ಶಾಖ ಹೋಗಿ ಕುಗ್ಗುತ್ತದೆ, ಇಲ್ಲಿ ನೀರು ಹೋಗಿ. ಎರಡು ಗಡ್ಡೆ ಅಕ್ಕಪಕ್ಕ ಇಟ್ಟರೆ ಏಳನೇ ಕ್ಲಾಸಿನ ಮಕ್ಕಳು ತಾವೇ ಇದನ್ನು ಹೇಳುತ್ತಾರೆ. ಮಳೆಗಾಲ ಮುಗಿದು ದ್ವೀಪಕ್ಕೆ ದೋಣಿ ಶುರುವಾದ ಮೇಲೆ ಈ ತುಂಡುಗಳನ್ನು ಅವರ ಕೈಯಲ್ಲೇ ಕೊಟ್ಟು ಕರೆದೊಯ್ಯುತ್ತೇನೆ. ಗಾಳಿಗೆ ಪುಡಿಯಾಗದಂತೆ ಒಂದು ಡಬ್ಬಿ ಮಾತ್ರ ಬೇಕು.