ಮೂರು ಬಿಳಿ ಪುಡಿ, ಎರಡು ಉತ್ಕರ್ಷಣ ಕ್ರಿಯೆ

ಹೆಸರು ಬರೆಯದ ಮೂರು ಸೀಸೆಗಳಲ್ಲಿ ಗ್ಲೂಕೋಸ್, ಗ್ಯಾಲಕ್ಟೋಸ್, ಫ್ರಕ್ಟೋಸ್ ಎಂಬ ಮೂರು ಸಕ್ಕರೆಗಳಿದ್ದವು. ಯಾವುದು ಯಾವುದೆಂದು ಉತ್ಕರ್ಷಣ (ಆಕ್ಸಿಡೀಕರಣ) ಕ್ರಿಯೆಗಳಿಂದಲೇ ಹೇಳಬೇಕಿತ್ತು.

ಸಕ್ಕರೆಯು ಬೆಳ್ಳಿಯ ದ್ರಾವಣದಿಂದ ಬೆಳ್ಳಿಯನ್ನು ಬಿಡಿಸುವ ಟಾಲೆನ್ಸ್ ಪರೀಕ್ಷೆಯ ಗೋಜಿಗೇ ನಾನು ಹೋಗಲಿಲ್ಲ. ಬೆಳ್ಳಿಯ ಕನ್ನಡಿ ಕಣ್ಣಿಗೆ ಹಬ್ಬ ನಿಜ, ಆದರೆ ಈ ಮೂರರಲ್ಲಿ ಯಾವುದು ಹಾಕಿದರೂ ಅದು ಮೂಡುತ್ತದೆ. ಫ್ರಕ್ಟೋಸ್ ಕೀಟೋಸ್ ಆದರೂ (ಅಂದರೆ ಉಳಿದೆರಡಕ್ಕಿರುವ, ಸುಲಭವಾಗಿ ಉತ್ಕರ್ಷಣಗೊಳ್ಳುವ ಆಲ್ಡಿಹೈಡ್ ತುದಿ ಅದಕ್ಕಿಲ್ಲದಿದ್ದರೂ) ಪ್ರತ್ಯಾಮ್ಲೀಯ ದ್ರಾವಣದಲ್ಲಿ ಈನ್‌ಡಯಾಲ್ ಎಂಬ ನಡುವಿನ ರೂಪ ತಾಳಿ, ಅಲ್ಲಿಂದ ಗ್ಲೂಕೋಸ್ ಮತ್ತು ಮ್ಯಾನೋಸ್ ಆಗಿ ಬದಲಾಗುತ್ತದೆ. ತಾಮ್ರದ ಲವಣ ಬಳಸುವ ಫೆಹ್ಲಿಂಗ್, ಬೆನೆಡಿಕ್ಟ್ ದ್ರಾವಣಗಳಲ್ಲೂ ಇದೇ ಪಾಡು.

ಹಾಗಾಗಿ ಮೊದಲು ಬ್ರೋಮಿನ್ ನೀರು. ಇದು ಪ್ರತ್ಯಾಮ್ಲವಲ್ಲ, ಆದ್ದರಿಂದ ಫ್ರಕ್ಟೋಸ್ ವೇಷ ಬದಲಿಸಲಾರದು. ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಬ್ರೋಮಿಕ್ ಆಮ್ಲ ಮುಂದಿನ ಉತ್ಕರ್ಷಣವನ್ನೇ ನಿಧಾನಗೊಳಿಸುತ್ತದೆ. ಅದನ್ನು ತಡೆಯಲು ಪ್ರತಿ ನಳಿಕೆಗೂ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿದೆ. ಬ್ರೋಮಿನ್ ತಾನಾಗಿ ಆವಿಯಾಗಿಯೂ ಬಣ್ಣ ಕಳೆದುಕೊಳ್ಳುತ್ತದಾದ್ದರಿಂದ ಬಿರಡೆ ಬಿಗಿದು, ಹೋಲಿಕೆಗೆ ಸಕ್ಕರೆಯಿಲ್ಲದ ಒಂದು ನಳಿಕೆಯನ್ನೂ ಪಕ್ಕದಲ್ಲಿಟ್ಟೆ. ಇಲ್ಲಿ ಅವಸರ ನಡೆಯುವುದಿಲ್ಲ. ಎರಡು ನಳಿಕೆಗಳ ಬಣ್ಣ ಮೆಲ್ಲಗೆ ಇಳಿಯಿತು: ಆಲ್ಡಿಹೈಡ್ ತುದಿ ಕಾರ್ಬಾಕ್ಸಿಲಿಕ್ ಆಮ್ಲವಾಗಿ ಗ್ಲೂಕೋನಿಕ್, ಗ್ಯಾಲಕ್ಟೋನಿಕ್ ಆಮ್ಲಗಳು ಬಂದವು. ಮೂರನೆಯದು ಹೋಲಿಕೆಯ ನಳಿಕೆಯಂತೆಯೇ ಕಿತ್ತಳೆಯಾಗಿ ಉಳಿಯಿತು. ಅದೇ ಫ್ರಕ್ಟೋಸ್.

ಉಳಿದ ಎರಡಕ್ಕೆ ನೈಟ್ರಿಕ್ ಆಮ್ಲ. ನನಗೆ ಎಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ ಇದು. ಪ್ರಬಲ ಆಮ್ಲ ಸೇರಿಸಿ, ಕುದಿಯುವ ನೀರಿನ ಪಾತ್ರೆಯಲ್ಲಿಟ್ಟು, ದ್ರಾವಣ ಚೆನ್ನಾಗಿ ಬತ್ತುವವರೆಗೂ ಕಾಯಿಸಿದೆ. ಆಗ ಏಳುವ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ವಿಷಾನಿಲ. ಅನಿಲವನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಇದಕ್ಕೆ ಕೈಹಾಕಲೇಬಾರದು. ಆಮೇಲೆ ಸ್ವಲ್ಪ ನೀರು ಬೆರೆಸಿ, ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಕೆರೆದು, ರಾತ್ರಿಯಿಡೀ ಬಿಟ್ಟೆ. ಒಂದು ನಳಿಕೆ ತಿಳಿಯಾಗಿಯೇ ಇತ್ತು. ಇನ್ನೊಂದರ ತಳದಲ್ಲಿ ನುಣ್ಣನೆಯ ಮರಳಿನಂಥ ಬಿಳಿ ಹರಳುಗಳಿದ್ದವು. ಅದು ಮ್ಯೂಸಿಕ್ ಆಮ್ಲ, ಅಂದರೆ ಗ್ಯಾಲಕ್ಟೋಸ್‌ನ ಎರಡೂ ತುದಿ ಉತ್ಕರ್ಷಣಗೊಂಡ ರೂಪ. ತಣ್ಣೀರಿನಲ್ಲಿ ಅದು ಕರಗುವುದೇ ಅಪರೂಪ. ಗ್ಲೂಕೋಸ್ ಕೊಡುವ ಗ್ಲೂಕಾರಿಕ್ ಆಮ್ಲ ಕರಗಿಬಿಡುತ್ತದೆ. (ಲ್ಯಾಕ್ಟೋಸ್ ಕೂಡ ಆಮ್ಲದಲ್ಲಿ ಒಡೆದು ಗ್ಯಾಲಕ್ಟೋಸ್ ಬಿಡುವುದರಿಂದ ಇದೇ ಹರಳು ಕೊಡುತ್ತದೆ. ಗುರುತಿಸಬೇಕಾದ ಪಟ್ಟಿಯಲ್ಲಿ ಅದೂ ಇದ್ದರೆ ಈ ಪರೀಕ್ಷೆಯೊಂದೇ ಸಾಲದು.)

ಹರಳುಗಳನ್ನು ಸೋಸಿ, ತಣ್ಣೀರಿನಲ್ಲಿ ತೊಳೆದು, ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿ, ಧ್ರುವೀಕೃತ ಬೆಳಕು (ಒಂದೇ ಸಮತಲದಲ್ಲಿ ಕಂಪಿಸುವ ಬೆಳಕು) ಎಷ್ಟು ತಿರುಗುತ್ತದೆಂದು ಅಳೆಯುವ ಪೋಲಾರಿಮೀಟರ್‌ನಲ್ಲಿಟ್ಟೆ. ಮ್ಯೂಸಿಕ್ ಆಮ್ಲದ ಅಣುವಿನ ಒಂದರ್ಧ ಇನ್ನೊಂದರ್ಧದ ಪ್ರತಿಬಿಂಬ, ಹಾಗಾಗಿ ಅದು ಧ್ರುವೀಕೃತ ಬೆಳಕನ್ನು ತಿರುಗಿಸಬಾರದು. 1891ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಎಮಿಲ್ ಫಿಷರ್ ಗ್ಲೂಕೋಸ್‌ನ ರಚನೆಯನ್ನು ತರ್ಕಿಸಿ ಹಿಡಿದದ್ದೂ ಇಂಥ ಎರಡು ತುದಿಯ ಆಮ್ಲಗಳು ಬೆಳಕನ್ನು ತಿರುಗಿಸುತ್ತವೆಯೋ ಇಲ್ಲವೋ ಎಂಬುದನ್ನು ಆಧರಿಸಿಯೇ. ನನ್ನ ದ್ರಾವಣದ ಅಳತೆ ಸೊನ್ನೆ ಬಂತು.